ಹೊರಟವರಿಗೆ ಹೇಳುವ ಮಾತು

ನಮ್ಮ ಕಡೆ ಮನೆಯಿಂದ ಹೊರಟವರಿಗೆ ಯಾರೂ "ಹೋಗು" ಎನ್ನುವುದಿಲ್ಲ, "ಹೋಗಿ ಬಾ" ಎನ್ನುತ್ತಾರೆ. ಹೊರಟವರೂ "ಹೋಗ್ತೀನಿ" ಎನ್ನುವುದಿಲ್ಲ, "ಬರ್ತೀನಿ" ಎನ್ನುತ್ತಾರೆ. ಅದರಲ್ಲೂ ಯಮಕನಮರಡಿಯಂಥ ಹೈವೇ ಊರಿನಲ್ಲಿ, ಲಾರಿ ಓಡಿಸುವವರ ಮನೆಗಳಲ್ಲಿ, ಈ ಮಾತು ತಪ್ಪಿದರೆ ಹೆಂಗಸರ ಮುಖ ಕಪ್ಪಿಡುತ್ತದೆ. ಹೊರಡುವ ಹೊತ್ತಿಗೆ ಯಾರಾದರೂ ಸೀನಿದರೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ನಾನೂ ಕಲ್ಲೋಳಿಯ ತವರಿನಲ್ಲಿ ಇದನ್ನೇ ನೋಡಿ ಬೆಳೆದವಳು. ಇದರೊಳಗೆ ಒಂದು ರೋಗ ಬಂದು ಕೂತರೆ ಯಾರಿಗಾದರೂ ಹೇಗೆ ಗೊತ್ತಾಗಬೇಕು ಹೇಳಿ.

ನನ್ನ ಮಗಳು ಪೂನಮ್ ಎಂಟನೆಯ ತರಗತಿ. ಒಬ್ಬಳೇ ಮಗಳು. ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ನನ್ನ ಗಂಡ ಬಾಳೇಶ ಲೋಡ್ ತೆಗೆದುಕೊಂಡು ಕೊಲ್ಹಾಪುರಕ್ಕೆ ಹೊರಟಿದ್ದ. ಅಂಗಳ ದಾಟಿದವನನ್ನು ಇವಳು ಕರೆದಳು. "ಅಪ್ಪಾ, ನಾ ಹೋಗಿ ಬಾ ಅಂದದ್ದು ಸರಿ ಆಗಲಿಲ್ಲ, ಮತ್ತೊಮ್ಮೆ ಬಾ" ಎಂದಳು. ಅವನು ನಗುತ್ತಾ ಬಂದ, ಮತ್ತೆ ಹೇಳಿಸಿಕೊಂಡು ಹೋದ. ಅವತ್ತು ನಿಪ್ಪಾಣಿ ಘಾಟಿನಲ್ಲಿ ಅವನ ಮುಂದಿನ ಲಾರಿ ಪಲ್ಟಿಯಾಯಿತು. ಇವನದು ಕೂದಲೆಳೆಯಲ್ಲಿ ಉಳಿಯಿತು. ಮನೆಗೆ ಬಂದವನೇ ಮಗಳ ತಲೆ ಸವರಿ, "ನಿನ್ನ ಬಾಯಿಗುಣ ನನ್ನವ್ವ, ಇಲ್ಲಂದ್ರ ಇವತ್ತ ನಾ ಇರತಿದ್ದಿಲ್ಲ" ಎಂದ. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತು ಹುಡುಗಿಯ ಎದೆಯೊಳಗೆ ಹೋಗಿ ಎಲ್ಲಿ ಕೂತಿತೆಂದು ಅವನಿಗೇನು ಗೊತ್ತು.

ಬಾಳೇಶನ ಗೆಳೆಯ ಹೊಳೆಪ್ಪನೂ ಡ್ರೈವರ್. ಅವನ ಕಿವಿಗೆ ಬಿದ್ದದ್ದು ಮೈಕಿನಲ್ಲಿ ಹೇಳಿದಂತೆಯೇ. ಸರ್ವಿಸ್ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಬಾಗಿಲಿಗೆ ಬಂದು, "ಪೂನಮ್, ನನಗೂ ಒಂದ ಸಲ ಅಂದಬಿಡವ್ವ" ಎನ್ನುವನು. ಅವಳು "ಹೋಗಿ ಬರ್ರಿ ಕಾಕಾ" ಎನ್ನುವಳು. ಅವನ ಹಿಂದೆ ಇನ್ನಷ್ಟು ಡ್ರೈವರ್‌ಗಳು ಬಂದರು, ಬಿಸ್ಕಿಟ್ ಪುಡಿಕೆ ತಂದರು. ನನ್ನ ಅತ್ತೆ ಶೆಟ್ಟೆವ್ವ ಕಟ್ಟೆಯ ಮೇಲೆ ಕೂತು, "ದೇವರು ಅಕಿ ನಾಲಗಿ ಮ್ಯಾಲೆ ಕುಂತಾನ" ಎಂದು ಗುಡಿಯ ಪೂಜಾರಿಯ ಗತ್ತಿನಲ್ಲಿ ಎಲ್ಲರನ್ನೂ ಒಳಗೆ ಬಿಡುತ್ತಿದ್ದಳು. ನಾನೂ ಚಹಾ ಮಾಡಿ ಮಾಡಿ ಕೊಟ್ಟೆ. ಊರಿಗೆ ಊರೇ ಮಗಳನ್ನು ಹೊಗಳುವಾಗ ಯಾವ ತಾಯಿಗೆ ಬೇಡ.

ದಿನ ಹೋದಂತೆ ಹುಡುಗಿ ಬತ್ತತೊಡಗಿದಳು. ಆ ಮಾತು ಹೇಳುವಾಗ ಹೊರಗೆ ಹಾರ್ನ್ ಆದರೆ ಮತ್ತೆ ಹೇಳಬೇಕು. ಎದುರಿನವರು ಕಣ್ಣು ಮಿಟುಕಿಸಿದರೆ ಮತ್ತೆ ಹೇಳಬೇಕು. ಅಪ್ಪ ಚಪ್ಪಲಿ ಬಿಟ್ಟು, ಕೂತು, ನೀರು ಕುಡಿದು, ಎದ್ದು, ಹೊಸ್ತಿಲಲ್ಲಿ ನಿಲ್ಲಬೇಕು, ಮತ್ತೆ ಮೊದಲಿನಿಂದ. ಲಾರಿ ಮಾಲಕ ಫೋನಿನಲ್ಲಿ ಬಯ್ಯುತ್ತಿದ್ದ, ಇವನು ನೀರು ಕುಡಿಯುತ್ತಿದ್ದ. ತಾನಿಲ್ಲದಾಗ ಯಾರಾದರೂ ಬಂದು ಹೇಳಿಸಿಕೊಳ್ಳದೆ ಹೋದರೆ ಎಂದು ಅವಳು ಶಾಲೆ ಬಿಟ್ಟು ಮನೆಯಲ್ಲೇ ಉಳಿಯತೊಡಗಿದಳು. ಅನ್ನದ ಮುಂದೆ ಕೂತವಳ ತುಟಿ ಸುಮ್ಮನೆ ಅಲುಗುತ್ತಿತ್ತು. "ಏನ ಅದು ಪಿಟಿಪಿಟಿ" ಎಂದು ನಾನು ಗದರಿದರೆ ಕಣ್ಣಲ್ಲಿ ನೀರು.

ಒಂದು ದಿನ ಹೊಳೆಪ್ಪ ಗಡಿಬಿಡಿಯಲ್ಲಿದ್ದ. ಅವಳು ಎರಡನೆಯ ಸಲ ಹೇಳುವಷ್ಟರಲ್ಲಿ ಗಾಡಿ ಹತ್ತಿ ಹೊರಟೇಬಿಟ್ಟ. ಇವಳು ಬರಿಗಾಲಲ್ಲಿ ಅವನ ಲಾರಿಯ ಹಿಂದೆ ಓಡಿದಳು. ನಾನು ಒಗೆಯುವ ಅರಿವೆ ಅಲ್ಲೇ ಬಿಟ್ಟು ಹಿಂದೆ ಓಡಿದೆ. ಸರ್ವಿಸ್ ರಸ್ತೆ ಮುಗಿದು ಹೈವೇ ಸೇರುವಲ್ಲಿ ಒಂದು ಕಾರು ಬ್ರೇಕ್ ಹಾಕಿ, ಸುಟ್ಟ ಟೈರಿನ ನಾತ ಬಿಟ್ಟು, ಅವಳಿಂದ ಒಂದು ಮೊಳ ದೂರ ನಿಂತಿತು. ಅವಳಿಗೆ ಕಾರು ಕಂಡೇ ಇರಲಿಲ್ಲ. ದೂರ ಹೋಗುತ್ತಿದ್ದ ಲಾರಿಯ ಬೆನ್ನಿಗೆ "ಹೋಗಿ ಬರ್ರಿ, ಹೋಗಿ ಬರ್ರಿ" ಎನ್ನುತ್ತಲೇ ಇದ್ದಳು.

ಮನೆಗೆ ಎಳೆದು ತಂದು ಒಂದು ಬಾರಿಸಬೇಕೆಂದು ಕೈ ಎತ್ತಿದವಳು ಅವಳ ಮುಖ ನೋಡಿ ಇಳಿಸಿದೆ.

"ನಾ ಸರಿ ಅನ್ನಲಿಲ್ಲಂದ್ರ ಅವರು ಸಾಯ್ತಾರವ್ವಾ," ಎಂದಳು. "ಕಣ್ಣ ಮುಂದ ಕಾಣತೈತಿ. ಲಾರಿ ಚಪ್ಪಟ ಆಗಿರತೈತಿ, ಒಳಗ ಅಪ್ಪ ಇರತಾನ. ಅದು ಕಂಡಾಗ ಅಂದ್ರ ಅಂದದ್ದು ಕೆಡತೈತಿ. ಅದು ಕಾಣದಂಗ ಅನಬೇಕು. ಅದು ಹೋಗವಲ್ದವ್ವಾ."

ಈ ಮನೆಯಲ್ಲಿ ನಾವೆಲ್ಲ ಚಹಾ ಕುಡಿಯುತ್ತಾ ಕೂತಾಗ ಈ ಕೂಸು ದಿನಾ ತನ್ನಪ್ಪನ ಹೆಣ ನೋಡುತ್ತಿತ್ತು. ನನಗೆ ಅವತ್ತು ಹತ್ತಿದ ಹೆದರಿಕೆ ಇನ್ನೂ ಪೂರ್ತಿ ಬಿಟ್ಟಿಲ್ಲ.

ಅವಳ ಶಾಲೆಯ ಯಶೋಧರಾ ಟೀಚರ್ ಹೇಳಿದ ಮೇಲೆ ಗೋಕಾಕಕ್ಕೆ ಹೋದೆವು. ಅಲ್ಲಿ ಡಾಕ್ಟರ್ ಸರಿತಾ ಎಂಬವರು ಮಕ್ಕಳ ಮನಸ್ಸಿನ ರೋಗ ನೋಡುತ್ತಾರೆ. ಮಗಳೊಬ್ಬಳನ್ನೇ ಹತ್ತಿರ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಆಮೇಲೆ ನಮ್ಮಿಬ್ಬರನ್ನು ಕರೆದರು.

"ಇದಕ್ಕ ಗೀಳು ರೋಗ ಅಂತಾರ್ರಿ. ದೆವ್ವ ಅಲ್ಲ, ಭಕ್ತಿ ಅಲ್ಲ, ಹಟಾನೂ ಅಲ್ಲ. ಸಣ್ಣ ಮಕ್ಕಳಿಗೂ ಬರತೈತಿ. ಸರಿಯಾಗಿ ನೋಡಕೊಂಡ್ರ ಹಿಡತಕ್ಕ ಬರತೈತಿ. ಅಕಿ ತಲ್ಯಾಗ ಒಂದು ಗಂಟಿ ಸುಳ್ಳ ಸುಳ್ಳ ಬಡಕೊಳ್ಳಾಕತ್ತೈತಿ. ಪ್ರತಿ ಸಲ ನೀವೆಲ್ಲಾರೂ ಓಡಿ ಹೋಗಿ ಬಾಗಲಾ ತಗೀತೀರಿ. ಅದಕ್ಕ ಅದು ಬಡಕೊಳ್ಳೂದು ನಿಲ್ಲಸವಲ್ದು."

"ಏನೂ ಆಗೂದಿಲ್ಲ ಅಂತ ದಿನಾ ಹೇಳ್ತೀನ್ರಿ ನಾ," ಎಂದೆ.

"ಅದನ್ನೂ ಬಿಡಬೇಕ್ರಿ. ನೀವು ಹೇಳಿದಾಗೊಮ್ಮೆ ಅಕಿಗೆ ಒಂದು ಗಳಿಗಿ ಸಮಾಧಾನ ಆಗತೈತಿ. ಮತ್ತ ಕೇಳ್ತಾಳ."

"ಮತ್ತೇನ ಹೇಳೂದ್ರಿ?"

"ಗೊತ್ತಿಲ್ಲ ಅನ್ರಿ. ಆಗಬಹುದು, ಆಗದನೂ ಇರಬಹುದು ಅನ್ರಿ."

ನನಗೆ ತಲೆ ಕೆಟ್ಟಿತು. "ನಿಮ್ಮ ಮಗಳು ಅಪ್ಪ ಸಾಯ್ತಾನೇನು ಅಂತ ಕೇಳಿದ್ರ ನೀವು ಹಂಗ ಅಂತೀರೇನ್ರಿ ಮೇಡಂ?"

ಅವರು ಸಿಟ್ಟಾಗಲಿಲ್ಲ. "ಅನ್ನೂದು ಭಾಳ ಕಠಿಣ ಐತಿ. ಆದ್ರ ಖರೆ ಅದ ಐತಲ್ರಿ. ನಾಳಿ ಏನಾಗತೈತಿ ನಿಮಗ ಗೊತ್ತೈತೇನು?" ಎಂದರು.

ಗುಳಿಗೆ ಬರೆದುಕೊಟ್ಟರು. ಅದರ ಜೊತೆ ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು ಎಂದರು. ಸಣ್ಣ ಹೆದರಿಕೆಯ ಮುಂದೆ ಆ ಮಾತು ಹೇಳದೆ ಕೂರಬೇಕು. ಹೆದರಿಕೆ ಏರುತ್ತದೆ, ಏರಿ ತಾನೇ ಇಳಿಯುತ್ತದೆ. ಇಳಿದದ್ದನ್ನು ಅವಳೇ ಕಾಣಬೇಕು. ಆಮೇಲೆ ಅದಕ್ಕಿಂತ ದೊಡ್ಡದು. ಕೊನೆಯ ಮೆಟ್ಟಿಲು ಯಾವುದೆಂದು ಕೇಳಿದಾಗ ಪೂನಮ್ ತಲೆ ತಗ್ಗಿಸಿಕೊಂಡು, "ಅಪ್ಪ ಹೋಗ್ತೀನಿ ಅನಬೇಕು, ನಾ ಬಾ ಅನಬಾರ್ದು" ಎಂದಳು. ಪಕ್ಕದಲ್ಲಿ ಕೂತ ನನ್ನ ಗಂಡ ಕುರ್ಚಿಯ ಕೈ ಹಿಡಿದುಕೊಂಡ.

ಮೊದಲು ಡ್ರೈವರ್‌ಗಳನ್ನು ಓಡಿಸಿದೆ. ಆ ಕೆಲಸ ನನಗೆ ಕಠಿಣವಾಗಲಿಲ್ಲ. ಹೊಳೆಪ್ಪ ಬಿಸ್ಕಿಟ್ ಹಿಡಿದು ಬಂದವನು ಬಾಗಿಲಲ್ಲೇ ನಿಂತ.

"ನಿನ್ನ ಬ್ರೇಕ್ ನೋಡ್ಕೊ ಹೋಗು. ನನ್ನ ಮಗಳೇನು ನಿನ್ನ ಗಾಡಿ ಸ್ಟೆಪ್ನಿ ಅಲ್ಲ," ಎಂದೆ.

"ವೈನಿ, ಹಿಂಗ ಅಂದ್ರ ಹೆಂಗ್ರಿ," ಎಂದು ಅವನು ಒಳಗೆ ಇಣುಕಿದ. ನಾನು ಬಾಗಿಲು ಹಾಕಿಕೊಂಡೆ. ಒಳಗೆ ಪೂನಮ್ ಕಂಬ ತಬ್ಬಿಕೊಂಡು, ಹಲ್ಲು ಕಚ್ಚಿಕೊಂಡು, ಬೆವರುತ್ತಾ ನಿಂತಿದ್ದಳು. ಹೊಳೆಪ್ಪನ ಲಾರಿಯ ಸದ್ದು ದೂರವಾಯಿತು. ಬಹಳ ಹೊತ್ತಿನ ಮೇಲೆ ಅವಳ ಕೈ ತಾನಾಗಿಯೇ ಸಡಿಲಾಯಿತು. "ಅವ್ವಾ, ಸ್ವಲ್ಪ ಕಡಿಮಿ ಆತು," ಎಂದಳು. ಮರುದಿನ ಹೊಳೆಪ್ಪ ಜೀವಂತ ತಿರುಗಿ ಬಂದ, ಅಂಗಡಿಯಲ್ಲಿ ನನ್ನನ್ನು ಬಯ್ದದ್ದೂ ಕಿವಿಗೆ ಬಿತ್ತು.

ಹಾಗೆ ಒಂದೊಂದೇ ಮೆಟ್ಟಿಲು. ನಾನು ಸಂತೆಗೆ ಹೊರಟೆ, ಅವಳು ಬಾಯಿ ಬಿಡಲಿಲ್ಲ. ಅವಳ ಅಜ್ಜಿ ಹುಕ್ಕೇರಿಗೆ ಲಗ್ನಕ್ಕೆ ಹೊರಟಳು, ಅವಳು ಬಾಯಿ ಬಿಡಲಿಲ್ಲ. ಅಜ್ಜಿ ಮಾತ್ರ ಬಸ್ ಸ್ಟ್ಯಾಂಡಿನ ತನಕ ಅತ್ತುಕೊಂಡು ಹೋದಳಂತೆ. ಶಾಲೆಗೂ ಮತ್ತೆ ಹೋಗತೊಡಗಿದಳು. ಕಬ್ಬಿನ ಹಂಗಾಮು ಬರುವ ಹೊತ್ತಿಗೆ ಕೊನೆಯ ಮೆಟ್ಟಿಲು ಮಾತ್ರ ಉಳಿಯಿತು.

ಅದನ್ನು ಹತ್ತಬೇಕಾದ ಮುಂಜಾನೆ ಶೆಟ್ಟೆವ್ವ ಅಡ್ಡ ನಿಂತಳು. "ಆ ಡಾಕ್ಟರ್ ಮನ್ಯಾಗ ಯಾರೂ ಲಾರಿ ಹೊಡಿಯೂದಿಲ್ಲ. ಅಕಿಗೇನ ಹೋಗತೈತಿ," ಎಂದಳು. ಅತ್ತೆಯ ಮಾತು ನನಗೆ ಸುಳ್ಳೆನಿಸಲಿಲ್ಲ. ಆದರೂ, "ಅತ್ತಿ, ಸುಮ್ನ ಒಳಗ ನಡೀರಿ," ಎಂದೆ.

ಬಾಳೇಶ ಹೊಸ್ತಿಲಲ್ಲಿ ನಿಂತು, "ಹೋಗ್ತೀನಿ" ಎಂದ. ಮದುವೆಯಾದಾಗಿನಿಂದ ಆ ಮಾತು ಅವನ ಬಾಯಲ್ಲಿ ಕೇಳಿರಲಿಲ್ಲ. ಪೂನಮ್ ಬಾಗಿಲ ಚೌಕಟ್ಟು ಹಿಡಿದು, ತುಟಿ ಬಿಗಿದು, ಅವನು ಗಾಡಿ ಹತ್ತುವುದನ್ನು ನೋಡಿದಳು. ಅವನು ಮೂಡಲಗಿಗೆ ಬೆಲ್ಲದ ಲೋಡಿಗೆ ಹೋಗಬೇಕಿತ್ತು, ಸಂಜೆಯ ಒಳಗೆ ತಿರುಗಿ ಬರಬೇಕಿತ್ತು.

ಮಧ್ಯಾಹ್ನ ನಾನು ಕದ್ದು ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಶಾಲೆಯಿಂದ ಬಂದ ಪೂನಮ್ ನನ್ನ ಮುಖ ನೋಡಿದಳು, ಏನೂ ಕೇಳದೆ ಜೋಳ ಹಸನು ಮಾಡುವ ಮೊರ ಎಳೆದುಕೊಂಡು ಕೂತಳು. ಹೈವೇಯಲ್ಲಿ ಹಾರ್ನ್ ಆದಾಗೊಮ್ಮೆ ಅವಳ ಕೈ ನಿಲ್ಲುತ್ತಿತ್ತು, ನಾನು ಬಾಗಿಲಿಗೆ ಹೋಗಿ ನೋಡುತ್ತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಹೊಳೆಪ್ಪನ ಫೋನ್ ಬಂತು.

"ವೈನಿ, ಗಾಬ್ರಿ ಆಗಬ್ಯಾಡ್ರಿ," ಎಂದ.

ಗಾಬರಿಯಾಗಬೇಡಿ ಎಂದವರ ಬಾಯಿಂದ ಮುಂದೆ ಒಳ್ಳೆಯ ಸುದ್ದಿ ಬಂದದ್ದನ್ನು ನಾನು ಕಾಣೆ. ಮಸಗುಪ್ಪಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಹೊರಳಿ ಇವನ ಲಾರಿಯ ಮೇಲೆ ಬಂದಿತ್ತು. ಎಡಗೈ ಮುರಿದಿತ್ತು, ಹಣೆಗೆ ಹೊಲಿಗೆ ಬಿದ್ದಿತ್ತು, ಜೀವಕ್ಕೆ ಏನೂ ಇರಲಿಲ್ಲ. ಗೋಕಾಕದ ದವಾಖಾನೆಯಲ್ಲಿದ್ದ. ಸುದ್ದಿ ಕೇಳಿ ಅಲ್ಲಿಗೆ ಓಡಿದ್ದ ಹೊಳೆಪ್ಪ ಅವನ ಕೈಗೆ ಫೋನ್ ಕೊಟ್ಟ.

"ಶೋಭಾ, ಪೂನಮ್‌ಗ ಹೇಳಬ್ಯಾಡ," ಎಂದ ನನ್ನ ಗಂಡ. ದನಿ ಸಣ್ಣದಾಗಿತ್ತು. "ಲೋಡ್ ಹಾಕುವಾಗ ಜಾರಿ ಬಿದ್ನಿ ಅಂತ ಹೇಳೂಣು."

ತಿರುಗಿ ನೋಡಿದರೆ ಪೂನಮ್ ಮೊರ ಹಿಡಿದುಕೊಂಡು ನನ್ನ ಹಿಂದೆಯೇ ನಿಂತಿದ್ದಳು. ಸುಳ್ಳು ನನ್ನ ನಾಲಗೆಯ ತುದಿಗೆ ಬಂದಿತ್ತು. ಈ ಊರಿನ ಡ್ರೈವರ್‌ಗಳ ಬಾಯಿ ನನಗೆ ಗೊತ್ತು. ನಾಳೆ ಶಾಲೆಯ ದಾರಿಯಲ್ಲೇ ಯಾರೋ ಒಬ್ಬರು ನಿಲ್ಲಿಸಿ ಹೇಳುತ್ತಾರೆ. ಆಮೇಲೆ ಈ ಹುಡುಗಿ ನನ್ನ ಒಂದು ಮಾತನ್ನಾದರೂ ನಂಬುತ್ತಾಳೆಯೇ? ಇದ್ದದ್ದು ಇದ್ದಂತೆ ಹೇಳಿದೆ.

ಅವಳು ಮೊರ ಕೆಳಗಿಟ್ಟಳು. "ನಾ ಅನ್ನಲಿಲ್ಲಂತ ಆತೇನವ್ವಾ?"

ಇಲ್ಲ ನನ್ನ ಬಂಗಾರ, ನಿನಗೂ ಅದಕ್ಕೂ ಏನೂ ಸಂಬಂಧ ಇಲ್ಲ ಎಂದು ಅಪ್ಪಿಕೊಂಡು ಹೇಳಲು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಹಾಗೆ ಹೇಳಿದ್ದರೆ ಅವಳು ಇನ್ನೊಮ್ಮೆ ಕೇಳುತ್ತಿದ್ದಳು, ಆಮೇಲೆ ಮತ್ತೊಮ್ಮೆ.

"ನನಗ ಗೊತ್ತಿಲ್ಲ ಪೂನಮ್," ಎಂದೆ. ನನ್ನ ಬಾಯಿಂದಲೇ ಬಂದ ಮಾತು ನನಗೇ ಕಟುಕತನದಂತೆ ಕೇಳಿಸಿತು.

"ನಿನಗ ಗೊತ್ತಿಲ್ಲ, ನನಗ ಗೊತ್ತೈತಿ," ಎಂದಳು ಶೆಟ್ಟೆವ್ವ ಕಟ್ಟೆಯಿಂದ. "ನಾ ಬ್ಯಾಡ ಬ್ಯಾಡ ಅಂದ್ನಿ."

ಪೂನಮ್ ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡಳು.

ಮುಂದಿನ ದಿನಗಳು ಇನ್ನೂ ಕೆಟ್ಟವು. ಅಪ್ಪ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲೇ ಇದ್ದ. ಅವನು ಬಚ್ಚಲಿಗೆ ಹೊರಟರೂ ಇವಳು "ಹೋಗಿ ಬಾ" ಎನ್ನತೊಡಗಿದಳು. ನಾವು ಹತ್ತಿದ ಮೆಟ್ಟಿಲುಗಳೆಲ್ಲ ಒಂದೇ ಸಲಕ್ಕೆ ಕುಸಿದು ಬಿದ್ದಿದ್ದವು. ಇನ್ನು ನನ್ನ ಮಗಳು ಈ ಹೊಸ್ತಿಲಲ್ಲೇ ನಿಂತು ಮುದುಕಿಯಾಗುತ್ತಾಳೆ ಎನಿಸಿತು. ಸಿಟ್ಟು ತಡೆಯದೆ ಗೋಕಾಕಕ್ಕೆ ಹೋಗಿ ಡಾಕ್ಟರ ಮುಂದೆ, "ನೀವು ಹೇಳಿದ್ದ ಮಾಡಿದ್ವಿ, ನೋಡ್ರಿ ಏನಾತು," ಎಂದು ಕೂಗಾಡಿದೆ.

ಅವರು ನನ್ನನ್ನು ಪೂರಾ ಕೂಗಾಡಲು ಬಿಟ್ಟರು. ಆಮೇಲೆ ಪೂನಮ್ ಕಡೆ ತಿರುಗಿದರು. "ನಿಮ್ಮಪ್ಪ ಇನ್ನೂ ಭಾಳ ವರ್ಷ ಲಾರಿ ಹೊಡಿಯಾಂವ. ಅಂವನ ಜೀವಾ ನೀನ ಹಿಡಕೊಂಡು ಕುಂದರತಿಯೇನು?"

"ಸಾಕಾಗೈತ್ರಿ ನನಗ," ಎಂದಳು ಪೂನಮ್. "ಆದ್ರ ನಾ ಬಿಟ್ರ ಯಾರ ಹಿಡೀತಾರ್ರಿ?"

ಡಾಕ್ಟರ್ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು. "ಯಾರೂ ಹಿಡಿಯೂದಿಲ್ಲವ್ವ," ಎಂದರು. "ಅಂವ ಗಾಡಿ ನೋಡಕೊಂಡು ಹೊಡೀತಾನ. ಅಷ್ಟ. ಉಳಿದದ್ದು ಯಾರ ಕೈಯಾಗೂ ಇಲ್ಲ."

ನನಗೆ ಎದ್ದು ಹೊರಗೆ ಹೋಗಿಬಿಡಬೇಕೆನಿಸಿತು. ಇಂಥ ಮಾತು ಮಕ್ಕಳ ಮುಂದೆ ಆಡುವುದೇ? ಪೂನಮ್ ಮಾತ್ರ ಅವರ ಮುಖವನ್ನೇ ನೋಡುತ್ತಾ ಕೂತಳು. ಮರುದಿನದಿಂದ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿದಳು. ಅಪ್ಪ ಬಚ್ಚಲಿಗೆ ಹೋದರೆ ಬಾಯಿ ಮುಚ್ಚಿಕೊಂಡು ಕೂರುವುದು, ಅಪ್ಪ ಚಹಾದಂಗಡಿಗೆ ಹೋದರೆ ಬಾಯಿ ಮುಚ್ಚಿಕೊಂಡು ಕೂರುವುದು. ಕೆಲವು ದಿನ ಸೋತಳು, ಅತ್ತಳು, ಮರುದಿನ ಮತ್ತೆ ಕೂತಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಬಾಳೇಶ ಮೊದಲ ಸಲ ಗಾಡಿ ಹತ್ತುವ ದಿನ ಬಂತು. ಖಾಕಿ ಅಂಗಿ ಹಾಕಿ, ಟವೆಲ್ ಹೆಗಲ ಮೇಲೆ ಹೊದ್ದುಕೊಂಡು ಹೊಸ್ತಿಲಿಗೆ ಬಂದವನು ನಿಂತೇಬಿಟ್ಟ. ಅವನು "ಹೋಗ್ತೀನಿ" ಎನ್ನಬೇಕಿತ್ತು, ಎನ್ನಲಿಲ್ಲ. ಹೊರಗೆ ಕ್ಲೀನರ್ ಹಾರ್ನ್ ಹೊಡೆದ. ಇವನು ಕದಲಲಿಲ್ಲ. ಬತ್ತಿ ಸಣ್ಣಗಾಗಿದ್ದ ಎಡಗೈಯನ್ನು ಬಲಗೈಯಿಂದ ತಿಕ್ಕಿಕೊಳ್ಳುತ್ತಾ ಮಗಳ ಕಡೆ ನೋಡಿದ.

"ಪೂನಮ್," ಎಂದ. "ಇವತ್ತೊಂದ ದಿನ ಅಂದಬಿಡ ನನ್ನವ್ವ. ನನ್ನ ಕೈ ನಡಗಾಕತ್ತಾವ."

ಹೆದರಿಕೆ ಅವಳೊಬ್ಬಳಲ್ಲೇ ಇದೆ ಎಂದುಕೊಂಡು ನಾವು ಎಲ್ಲೆಲ್ಲಿಗೋ ತಿರುಗಿದ್ದೆವು. ಘಾಟುಗಳಲ್ಲಿ ಲಾರಿ ಇಳಿಸಿ ಹತ್ತಿಸಿದ ನನ್ನ ಗಂಡ ಆ ಹುಡುಗಿಯ ಮುಂದೆ ಭಿಕ್ಷೆ ಬೇಡುವವರ ಹಾಗೆ ನಿಂತಿದ್ದ. ಶೆಟ್ಟೆವ್ವ ಸೆರಗು ಬಾಯಿಗೆ ಹಿಡಿದು, "ಅಂದಬಿಡ ಪೂನಮ್, ನಿನ್ನ ಕಾಲ ಬೀಳ್ತೀನಿ," ಎಂದಳು. ನಾನಾದರೂ ಬೇಡ ಎನ್ನಬೇಕಿತ್ತು. ಅನ್ನಲಿ, ಒಂದು ಸಲ ಅಂದುಬಿಡಲಿ ಎಂದೇ ನನ್ನೊಳಗೂ ಇತ್ತು.

ಪೂನಮ್ ನಮ್ಮೆಲ್ಲರ ಮುಖ ನೋಡಿದಳು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಅವಳ ಕಣ್ಣ ಮುಂದೆ ಆ ಚಪ್ಪಟೆಯಾದ ಲಾರಿ ಬಂದಿರಬೇಕು, ಬಾಗಿಲಿಗೆ ಆನಿಕೊಂಡಳು.

"ಹೋಗಪ್ಪಾ," ಎಂದಳು.

ಬಾಳೇಶ ಉಳಿದರ್ಧ ಮಾತಿಗೆ ಕಾದ. ಅದು ಬರಲಿಲ್ಲ. ಅವನು ಟವೆಲಿನಿಂದ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ, ಹೋಗಿ ಗಾಡಿ ಹತ್ತಿದ. ಲಾರಿಯ ಸದ್ದು ಹೈವೇಯ ಸದ್ದಿನಲ್ಲಿ ಸೇರುವ ತನಕ ನಾವು ಮೂವರೂ ನಿಂತಲ್ಲೇ ನಿಂತಿದ್ದೆವು. ಶೆಟ್ಟೆವ್ವ ಗೋಡೆ ಹಿಡಿದು ಕೂತಳು.

"ಅವ್ವಾ, ಭಾಳ ಹೆದರಿಕಿ ಬಂದೈತಿ," ಎಂದಳು ಪೂನಮ್.

"ನನಗೂ ಬಂದೈತಿ," ಎಂದೆ.

ಏನೂ ಆಗೂದಿಲ್ಲ ಎಂದು ನಾನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಒಳಗೆ ಹೋಗಿ ಮುಖ ತೊಳೆದುಕೊಂಡು, ಜಡೆ ಸರಿಮಾಡಿಕೊಂಡು, ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಶಾಲೆಗೆ ಹೋಗಬೇಕಾದರೆ ಹೈವೇ ದಾಟಬೇಕು. ಅಂಗಳದ ತುದಿಯಲ್ಲಿ ನಿಂತು ನನ್ನ ಕಡೆ ತಿರುಗಿದಳು.

"ಹೋಗ್ತೀನವ್ವಾ," ಎಂದಳು.

ನಾನು ಸೆರಗು ಬಾಯಿಗೆ ತುರುಕಿಕೊಂಡು, ಅವಳು ಕಣ್ಮರೆಯಾಗುವ ತನಕ ಬಾಗಿಲಲ್ಲಿ ನಿಂತೆ.